ಖಾಲಿ ಎಂದು ಬರೆಯಲಾದ ಕರಾವಳಿಯ ಮುನ್ನೂರ ಹನ್ನೆರಡು ಕಂಬಗಳು

ಜನ ವಾಸವಾಗಿದ್ದ ಒಂದು ಊರನ್ನು ‘ಖಾಲಿ ಕರಾವಳಿ, ಹಕ್ಕುದಾರರಿಲ್ಲ’ ಎಂದು ಘೋಷಿಸಿದ ವರದಿಯ ಕೊನೆಯ ಪುಟದಲ್ಲಿ ನನ್ನ ಹೆಸರಿದೆ, ಹೆಸರಿನ ಮೇಲೆ ಸಹಿಯಿದೆ. ಸಹಿ ನನ್ನದೇ. ಆ ವಾಕ್ಯ ನನ್ನದಲ್ಲ. ನಾನು ಬರೆದದ್ದು ಅದಕ್ಕೆ ನೇರ ವಿರುದ್ಧವಾದುದನ್ನು. ಇಂಡೋನೇಷ್ಯಾದ ಆ ಮೀನುಗಾರರ ಊರಿನ ಒಂದೊಂದು ಕಂಬವನ್ನೂ ಎಣಿಸಿ, ಒಂದೊಂದರ ಒಡೆಯರ ಹೆಸರನ್ನೂ ಹದಿನೇಳು ಪುಟಗಳಲ್ಲಿ ಬರೆದುಕೊಟ್ಟಿದ್ದೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಹದಿನೇಳು ಪುಟಗಳನ್ನು ಕಿತ್ತು, ಸಹಿಯ ಪುಟವೊಂದನ್ನು ಮಾತ್ರ ಉಳಿಸಿಕೊಂಡರು.

ಈಗ ಅಮೆರಿಕದ ಅಲ್ಫರೆಟಾದಲ್ಲಿ ಮಗಳ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ನಮ್ಮ ಹುಡುಗರು, ಹುಡುಗಿಯರು ಕೆಲವರು ಭಾನುವಾರ ಬಂದು, “ಅಂಕಲ್, ನಿಮ್ ಕಾಲದಲ್ಲಿ ಫೀಲ್ಡ್ ವರ್ಕ್ ಹೇಗಿರ್ತಿತ್ತು, ಹೇಳಿ” ಎಂದು ಕೇಳುತ್ತಾರೆ. ಬಡ್ತಿಗಳ ಕಥೆಯನ್ನು ನಾನು ಹೇಳುವುದಿಲ್ಲ. ಸಿಕ್ಕಿದ್ದು ಕಡಿಮೆ, ಸಿಕ್ಕಿದ್ದರಿಂದ ಯಾರಿಗೂ ಪಾಠವಿಲ್ಲ. ಪಾಠವಿರುವುದು ಈ ಪ್ರಸಂಗದಲ್ಲಿ. ಇದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಮರೆಮಾಚುವುದಿಲ್ಲ. ಇತರರದನ್ನೂ ಮರೆಮಾಚುವುದಿಲ್ಲ.

ನಾನು ಕೆಲಸ ಕಲಿತದ್ದು ಮಂಡ್ಯ ಜಿಲ್ಲೆಯಲ್ಲಿ, ಸರ್ವೆಯರನಾಗಿ, ಹದಿನಾರು ವರ್ಷ. ಸರಪಳಿ ಎಳೆದು, ಮೂಲೆಯ ಬಾಂದುಕಲ್ಲು ಹುಡುಕಿ, ಬಾಜುದಾರರನ್ನು, ಅಂದರೆ ಪಕ್ಕದ ಜಮೀನಿನವರನ್ನು ಕರೆಸಿ, ಅವರ ಎದುರಿನಲ್ಲಿ ಟಿಪ್ಪಣಿ ಬರೆದು, ಪ್ರತಿ ಪುಟಕ್ಕೂ ಸಹಿ ಹಾಕುವ ಕೆಲಸ. ಬಾಜುದಾರರಿಗೆ ನೋಟೀಸು ಕೊಡದೆ ಅಳೆದರೆ ಆ ಅಳತೆಗೆ ಬೆಲೆಯಿಲ್ಲ. ನನ್ನ ಮೊದಲ ಮೇಲಧಿಕಾರಿ ನಂಜುಂಡಯ್ಯನವರೆಂಬ ಸೂಪರ್‌ವೈಜರು. ಒಂದು ಸಲ ಕಬ್ಬಿನ ಗದ್ದೆಯ ಮೂಲೆಯಲ್ಲಿ ಕಲ್ಲು ಸಿಗದೆ ‘ಕಲ್ಲು ಇಲ್ಲ’ ಎಂದು ಬರೆದುಕೊಂಡು ಬಂದಿದ್ದೆ. ಅವರು ಪುಸ್ತಕವನ್ನು ನನ್ನ ಮುಂದಕ್ಕೆ ತಳ್ಳಿ, “ಕಲ್ಲು ಇಲ್ಲ ಅಂತ ಬರಿಯೋಕೆ ನೀನ್ಯಾವನಯ್ಯಾ? ನನಗೆ ಕಾಣಲಿಲ್ಲ ಅಂತ ಬರಿ. ಇಲ್ಲದೇ ಇರೋದು ಬೇರೆ, ನಿನ್ ಕಣ್ಣಿಗೆ ಬೀಳದೇ ಇರೋದು ಬೇರೆ” ಎಂದರು. ಮಾರನೆಯ ದಿನ ಮೊಣಕಾಲುದ್ದ ಅಗೆಸಿ ನೋಡಿದರೆ ಕಲ್ಲು ಅಲ್ಲೇ ಇತ್ತು. ಆ ಮನುಷ್ಯ ನನ್ನನ್ನು ಒಮ್ಮೆಯೂ ಹೊಗಳಲಿಲ್ಲ. ಆದರೂ ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ಭಾವಮೈದುನನ ಕಾಗದಪತ್ರದ ಬಲದಿಂದ ಅಮೆರಿಕಕ್ಕೆ ಬಂದು, ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಒಂದು ಸಲಹಾ ಸಂಸ್ಥೆಯ ನಕ್ಷೆ ವಿಭಾಗಕ್ಕೆ ಸೇರಿದೆ. ವಿಮಾನ ನಿಲ್ದಾಣದ ಪಕ್ಕದ ಕಟ್ಟಡ. ವಿಮಾನ ಇಳಿಯುವಾಗಲೆಲ್ಲ ಮೇಜಿನ ಮೇಲಿನ ಪೆನ್ಸಿಲ್ ಉರುಳುತ್ತಿತ್ತು. ಹಿಂದುಳಿದ ದೇಶಗಳ ಭೂದಾಖಲೆಗಳನ್ನು ಸರಿಪಡಿಸುವ ಗುತ್ತಿಗೆಗಳನ್ನು ವಾಷಿಂಗ್ಟನ್ನಿನ ದೊಡ್ಡ ದೊಡ್ಡ ಕಚೇರಿಗಳಿಂದ ಹಿಡಿದು ತರುವುದು ಸಂಸ್ಥೆಯ ವ್ಯಾಪಾರ. ನನ್ನ ವಿಭಾಗದ ಮುಖ್ಯಸ್ಥರು ಹಾರ್ಲನ್ ಎಂಬುವರು. ಮೊದಲ ದಿನವೇ ನನ್ನ ಹೆಸರಿನ ಚೀಟಿ ನೋಡಿ, “ತಿರುಮಲೇಗೌಡ! ಇದನ್ನು ಹೇಳುವಷ್ಟರಲ್ಲಿ ನನ್ನ ಊಟದ ಸಮಯ ಮುಗಿಯುತ್ತೆ. ನಿಮ್ಮನ್ನು ಟಿಮ್ ಅಂತೀನಿ, ಆಗಬಹುದಾ?” ಎಂದರು. ಆಗಬಹುದು ಎಂದು ನಾನು ಹೇಳಲಿಲ್ಲ. ಅವರು ಉತ್ತರಕ್ಕೆ ಕಾಯಲೂ ಇಲ್ಲ. ಹನ್ನೊಂದು ವರ್ಷ ನಾನು ಟಿಮ್.

ಮೊದಲು ದೀಪದ ಮೇಜಿನ ಮೇಲೆ ಪಾರದರ್ಶಕ ಹಾಳೆ ಹಾಸಿ ಶಾಯಿಯಲ್ಲಿ ನಕ್ಷೆ ಬಿಡಿಸುತ್ತಿದ್ದೆವು. ತೊಂಬತ್ತರ ದಶಕದಲ್ಲಿ ಅದೆಲ್ಲ ಕಂಪ್ಯೂಟರಿಗೆ ಹೋಯಿತು. ರಸ್ತೆಗೆ ಒಂದು ಪದರ, ಹೊಳೆಗೆ ಒಂದು ಪದರ, ಮನೆಗಳಿಗೆ ಒಂದು. ಬೇಕಾದ ಪದರ ತೋರಿಸಬಹುದು, ಬೇಡದ್ದನ್ನು ಮರೆಮಾಡಬಹುದು. ಅದನ್ನು ನೋಡಿಕೊಳ್ಳಲು ಮೈಸೂರಿನ ಸುಧೀಂದ್ರ ಬಂದ. ಇಪ್ಪತ್ತಾರು ವರ್ಷ, ವರ್ಕ್ ವೀಸಾ, ಜಾಣ. ಆಫೀಸಿನಲ್ಲಿ ನನ್ನನ್ನು ‘ಸರ್’ ಎನ್ನುತ್ತಿದ್ದ, ಸಂಜೆ ನನ್ನ ಕಾರಿನಲ್ಲಿ ಕುಳಿತೊಡನೆ ‘ಅಂಕಲ್’. ಶಾಯಿಯಲ್ಲಿ ಬರೆದದ್ದನ್ನು ಅಳಿಸಬೇಕಾದರೆ ಬ್ಲೇಡಿನಿಂದ ಕೆರೆಯಬೇಕಿತ್ತು, ಕೆರೆದ ಗುರುತು ಉಳಿಯುತ್ತಿತ್ತು. ಹೊಸ ವಿಧಾನದಲ್ಲಿ ಗುರುತೇ ಇಲ್ಲ. ಅದನ್ನು ಆಗ ನಾನೂ ದೊಡ್ಡ ಅನುಕೂಲವೆಂದೇ ತಿಳಿದಿದ್ದೆ.

ದಶಕದ ನಡುವಿನಲ್ಲಿ ಇಂಡೋನೇಷ್ಯಾದ ಗುತ್ತಿಗೆ ಬಂತು. ಸುಲಾವೆಸಿಯ ಆಗ್ನೇಯಕ್ಕಿರುವ ಸಣ್ಣ ದ್ವೀಪಗಳ ಕರಾವಳಿಯಲ್ಲಿ ಯಾವುದು ಯಾರ ಸ್ವತ್ತು, ಯಾವುದು ಯಾರದೂ ಅಲ್ಲ ಎಂಬ ಪಟ್ಟಿ ಮಾಡಬೇಕು. ಯಾರದೂ ಅಲ್ಲದ್ದನ್ನು ಮುತ್ತಿನ ಚಿಪ್ಪು ಬೆಳೆಸುವ ಕಂಪನಿಗಳಿಗೆ ಗುತ್ತಿಗೆ ಕೊಡುವ ಆಲೋಚನೆ ಅಲ್ಲಿನವರಿಗಿತ್ತು. ವಿಮಾನದಿಂದ ತೆಗೆದ ಚಿತ್ರಗಳು ಪೆಟ್ಟಿಗೆಗಟ್ಟಲೆ ಬಂದವು. ಒಂದು ದ್ವೀಪದ ಪೂರ್ವ ದಡದಲ್ಲಿ, ಆಳವಿಲ್ಲದ ನೀರಿನಲ್ಲಿ, ಚುಕ್ಕೆಚುಕ್ಕೆಯಾಗಿ ಏನೋ ಸಾಲುಗಟ್ಟಿ ಕಾಣುತ್ತಿತ್ತು. ಚಿತ್ರ ಓದುವವರು ಅದರ ಪಕ್ಕ ‘ಗೂಟಗಳು, ಕೈಬಿಟ್ಟವು’ ಎಂದು ಬರೆದಿದ್ದರು.

ಭೂತಗನ್ನಡಿ ಹಿಡಿದು ನೋಡಿದೆ. ಕೈಬಿಟ್ಟ ಗೂಟಗಳು ಅಷ್ಟು ನೆಟ್ಟಗೆ ನಿಲ್ಲುವುದಿಲ್ಲ. ವಾಲುತ್ತವೆ, ನಡುನಡುವೆ ಬೀಳುತ್ತವೆ. ಹಾರ್ಲನ್ ಅವರಿಗೆ ಹೇಳಿದೆ.

“ಚಿತ್ರದಲ್ಲಿ ಮನೆ ಕಾಣುತ್ತಾ, ಟಿಮ್?”

“ಇಲ್ಲ.”

“ಮನುಷ್ಯರು?”

“ಇಲ್ಲ. ಆದರೆ ಹೋಗಿ ನೋಡಬೇಕು.”

“ನೋಡೋಕೆ ಅಂತಲೇ ವಿಮಾನ ಕಳಿಸಿದ್ದಲ್ಲವಾ?” ಎಂದು ನಕ್ಕರು. ಪಕ್ಕದಲ್ಲಿದ್ದ ಇಬ್ಬರೂ ನಕ್ಕರು. ಆ ಇಬ್ಬರ ಹೆಸರೂ ನನಗೆ ನೆನಪಿದೆ.

ಆದರೆ ಕರಾರಿನಲ್ಲಿ ಸ್ಥಳಪರಿಶೀಲನೆ ಕಡ್ಡಾಯವಿತ್ತು. ಮೂರು ವಿಮಾನ, ಒಂದು ಹಡಗು, ಒಂದು ದೋಣಿ ಬದಲಿಸಿ ಹೋಗಲು ಆ ವಿಭಾಗದಲ್ಲಿ ಮತ್ತಾರೂ ಮುಂದೆ ಬರಲಿಲ್ಲ. ಹೀಗೆ ನನ್ನನ್ನು ಕಳಿಸಿದರು.

ಜೊತೆಗೆ ದುಭಾಷಿಯಾಗಿ ಬಂದವರು ಪಕ್ಕದ ದ್ವೀಪದ ಶಾಲಾ ಮೇಷ್ಟ್ರು ರುಸ್ಲಿ. ಅಲ್ಲಿ ಗಂಡಸರನ್ನು ‘ಪಾಕ್’ ಎಂದೂ ಹೆಂಗಸರನ್ನು ‘ಇಬು’ ಎಂದೂ ಮರ್ಯಾದೆಯಿಂದ ಕರೆಯುತ್ತಾರೆ, ನಮ್ಮ ಅಪ್ಪ, ಅಮ್ಮ ಇದ್ದಂತೆ. ದೊಡ್ಡ ದೋಣಿಯನ್ನು ಆಳದಲ್ಲಿ ನಿಲ್ಲಿಸಿ, ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ನಾವಿಬ್ಬರೇ ಆ ಪೂರ್ವ ದಡಕ್ಕೆ ಹೋದೆವು. ನೀರಿನಲ್ಲಿ ತೊಡೆಗಾತ್ರದ ಕಪ್ಪು ಕಂಬಗಳು ಸಾಲು ಸಾಲಾಗಿ ನಿಂತಿದ್ದವು. ದೂರದಲ್ಲಿ ನಾಲ್ಕಾರು ಮನೆಗಳು ಕಂಬಗಳ ಮೇಲೆ ಅರ್ಧಂಬರ್ಧ ಎದ್ದಿದ್ದವು. ಉಳಿದವೆಲ್ಲ ಬರಿಯ ಕಂಬ. ಅಲೆಗೆ ದೋಣಿ ಜಾರುತ್ತಿತ್ತು. ಪಾಕ್ ರುಸ್ಲಿ ಹಿಂದೆ ಕುಳಿತು ನೀರು ಮೊಗೆದು ಹೊರಹಾಕುತ್ತಿದ್ದರು. ನಾನು ಹಗ್ಗ ತೆಗೆದು ಹತ್ತಿರದ ಕಂಬಕ್ಕೆ ಬಿಗಿದೆ.

ಪಾಕ್ ರುಸ್ಲಿ ತಲೆಯೆತ್ತಿ ನೋಡಿ, “ಅಯ್ಯೋ ಪಾಕ್, ಏನು ಮಾಡಿದಿರಿ!” ಎಂದರು.

ಅಷ್ಟರಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಎಲ್ಲಿಂದಲೋ ಸೊಂಟಮಟ್ಟದ ನೀರಿನಲ್ಲಿ ನಡೆದು ಬಂದು, ನಮ್ಮ ದೋಣಿಯಿಂದ ಎರಡೂ ಹುಟ್ಟುಗಳನ್ನು ಎತ್ತಿಕೊಂಡು, ಮುಂದಿನ ಕಂಬದ ಮೇಲಕ್ಕೆ ಕಟ್ಟಿ ನೇತುಹಾಕಿದರು. ಆಮೇಲೆ ಕೇಳಿದರು: “ಯಾರ ಮನೆಗೆ ಬಂದಿರಿ?”

ಪಾಕ್ ರುಸ್ಲಿ ಮೆಲ್ಲಗೆ ನನಗೆ ತಿಳಿಸಿದರು. ಯಾರ ಮನೆಗೂ ಅಲ್ಲ, ಸುಮ್ಮನೆ ನೋಡಲು ಬಂದೆವು ಎಂದು ಹೇಳಿಸಿದೆ.

“ಯಾರ ಮನೆಗೂ ಬರದವರು ನನ್ನ ಮನೆ ಮೂಲೆಗೆ ಹಗ್ಗ ಯಾಕೆ ಕಟ್ಟಿದಿರಿ?”

“ಮನೆ ಎಲ್ಲಿದೆ?” ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇದೇ ಮನೆ. ನೀವು ಕೂತಿರೋದು ಅಡುಗೆಮನೆಯಲ್ಲಿ. ಗೋಡೆ ಸಂಜೆಗೆ ಬರುತ್ತೆ.”

ಪಾಕ್ ರುಸ್ಲಿ ಅನುವಾದಿಸುವ ಮೊದಲೇ ನಗಲು ಶುರುಮಾಡಿದರು. ನನಗೆ ಅವಮಾನವಾಯಿತು. ಅದು ನ್ಯಾಯವಾದ ಅವಮಾನ, ಆದ್ದರಿಂದ ಅದನ್ನು ದೂರಿನ ಪಟ್ಟಿಗೆ ಸೇರಿಸಿಲ್ಲ. ಕೇಳದೆ ಇನ್ನೊಬ್ಬರ ಕಂಬಕ್ಕೆ ದೋಣಿ ಕಟ್ಟಿದರೆ ಆ ಊರಿನಲ್ಲಿ ಹುಟ್ಟು ಕಿತ್ತುಕೊಳ್ಳುತ್ತಾರೆ. ಮನೆಯವರು ಹೇಳಿದ ಕೆಲಸ ಮಾಡಿಕೊಟ್ಟರೆ ಮಾತ್ರ ಹಿಂದಕ್ಕೆ ಸಿಗುತ್ತದೆ. ಆಕೆಯ ಹೆಸರು ಇಬು ಹಲೀಮಾ. ಸಂಜೆ ಅವರ ಮಗಳು, ಅಳಿಯ ದೋಣಿಯ ತುಂಬ ನೆಲದ ಹಲಗೆ, ಗೋಡೆಯ ತಟ್ಟಿ, ಸೂರಿನ ಗರಿಗಳನ್ನು ಹೇರಿಕೊಂಡು ಬಂದರು. ನಾನೂ ಪಾಕ್ ರುಸ್ಲಿಯೂ ನೀರಿನಲ್ಲಿ ನಿಂತು ಹಲಗೆ ಎತ್ತಿ ಕೊಟ್ಟೆವು. “ಅಮೆರಿಕದಿಂದ ಬಂದಿರೋ ಆಳು, ಹುಷಾರಾಗಿ ಬಳಸಿಕೊಳ್ಳಿ” ಎಂದು ಇಬು ಹಲೀಮಾ ಅಳಿಯನಿಗೆ ಹೇಳಿದರಂತೆ. ಕತ್ತಲಾಗುವ ಮೊದಲು ಅಲ್ಲೊಂದು ಮನೆ ನಿಂತಿತ್ತು. ಆ ಮನೆಯ ಅಡುಗೆಮನೆಯಲ್ಲಿ ಸುಟ್ಟ ಮೀನು ಬಡಿಸಿ, ಹುಟ್ಟು ಹಿಂದಿರುಗಿಸಿದರು. ನನಗೆ ಮೀನು ಅಭ್ಯಾಸವಿತ್ತು. ಅಷ್ಟು ರುಚಿಯಾದ ಮೀನಿನ ಅಭ್ಯಾಸವಿರಲಿಲ್ಲ.

ವಿಷಯ ಸರಳ. ಆ ಊರು ಪೂರ್ವಕ್ಕೆ ಮುಖಮಾಡಿದೆ. ವರ್ಷದಲ್ಲಿ ನಾಲ್ಕು ತಿಂಗಳು ಆಗ್ನೇಯದ ಗಾಳಿ ಆ ದಡಕ್ಕೆ ಬಡಿಯುತ್ತದೆ. ದೋಣಿ ಇಳಿಸಲಾಗುವುದಿಲ್ಲ, ಗೋಡೆ ನಿಲ್ಲುವುದಿಲ್ಲ. ಆಗ ಅವರು ಮನೆಯನ್ನು ಬಿಚ್ಚಿ, ದೋಣಿಯಲ್ಲಿಟ್ಟುಕೊಂಡು ದ್ವೀಪದ ಪಶ್ಚಿಮದ ಮರೆಗೆ ಹೋಗಿರುತ್ತಾರೆ. ಕಂಬಗಳು ಮಾತ್ರ ಉಳಿಯುತ್ತವೆ. ನಾನು ಹೋದದ್ದು ಗಾಳಿ ನಿಂತು ಅವರು ಮರಳುತ್ತಿದ್ದ ದಿನಗಳಲ್ಲಿ. ಅದೇ ನಾಲ್ಕು ತಿಂಗಳು ಆಕಾಶದಲ್ಲಿ ಮೋಡ ಕಡಿಮೆ. ಮೋಡ ಕಡಿಮೆಯಿದ್ದಾಗಲೇ ವಿಮಾನದಿಂದ ಚಿತ್ರ ತೆಗೆಯುತ್ತಾರೆ. ಚಿತ್ರ ತೆಗೆದವರು ಊರೇ ಇಲ್ಲದ ತಿಂಗಳನ್ನು ಆರಿಸಿಕೊಂಡು ಹೋಗಿ, ಊರಿಲ್ಲ ಎಂದು ಬಂದಿದ್ದರು.

ಅಲ್ಲಿ ನೆಲ ಯಾರ ಸ್ವತ್ತೂ ಅಲ್ಲ. ನೀರಿನ ಕೆಳಗಿನ ನೆಲವನ್ನು ಯಾರು ಏನು ಮಾಡಿಯಾರು? ಕಂಬವೇ ಸ್ವತ್ತು. ಪ್ರತಿ ಮನೆತನಕ್ಕೂ ಒಂದು ಗುರುತಿದೆ. ಕಂಬದ ತಲೆಯಲ್ಲಿ ಕತ್ತಿಯಿಂದ ಕಚ್ಚು ಹಾಕಿರುತ್ತಾರೆ. ಮಗಳಿಗೆ ಮದುವೆಯಾದರೆ ಎರಡು ಕಂಬ ಕೊಡುತ್ತಾರೆ. ತಂದೆ ಸತ್ತರೆ ಮಕ್ಕಳು ಕಂಬ ಹಂಚಿಕೊಳ್ಳುತ್ತಾರೆ. ನಮ್ಮಲ್ಲಿ ಚಕ್ಕುಬಂದಿ ಹೇಳುವಂತೆ ಅವರು, ‘ಈ ಕಡೆ ಇಂಥವರ ಕಂಬ, ಆ ಕಡೆ ಇಂಥವರ ಕಂಬ, ಮುಂದೆ ದೋಣಿ ದಾರಿ’ ಎಂದು ಬಾಯಲ್ಲೇ ಹೇಳುತ್ತಾರೆ. ಒಬ್ಬ ಒಂಬತ್ತು ವರ್ಷದಿಂದ ದುಡಿಯಲು ಮಲೇಷ್ಯಾಕ್ಕೆ ಹೋಗಿದ್ದ. ಅವನ ಆರು ಕಂಬಗಳಲ್ಲಿ ಒಂದು ಕೊಳೆತಾಗ ಪಕ್ಕದ ಮನೆಯವನು ಹೊಸ ಕಂಬ ನೆಟ್ಟು, ಅದರ ಮೇಲೆ ಆ ಊರು ಬಿಟ್ಟವನ ಕಚ್ಚನ್ನೇ ಹಾಕಿದ್ದ. “ನೀನೇ ಇಟ್ಟುಕೊಳ್ಳಬಹುದಿತ್ತಲ್ಲ” ಎಂದು ಪರೀಕ್ಷೆಗೆಂದು ಕೇಳಿದೆ. “ಅವನು ಬಂದರೆ ಎಲ್ಲಿ ಮಲಗುತ್ತಾನೆ?” ಎಂದು ಅವನು ನನ್ನನ್ನೇ ಕೇಳಿದ.

ಹತ್ತೊಂಬತ್ತು ದಿನ ಅಲ್ಲಿದ್ದೆ. ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಆಗ ಹೊಸದು. ಸ್ಥಳವನ್ನು ಹತ್ತಾರು ಮಾರು ಹೆಚ್ಚುಕಡಿಮೆ ತೋರಿಸುತ್ತಿತ್ತು. ಆದ್ದರಿಂದ ಟೇಪು ಹಿಡಿದು ಕಂಬದಿಂದ ಕಂಬಕ್ಕೆ ಅಳೆದೆ. ಮಂಡ್ಯದ ಪದ್ಧತಿಯಂತೆ ಪ್ರತಿ ಮನೆಯ ಬಾಜುದಾರರನ್ನೂ ಕರೆಸಿ, ಅವರ ಮುಂದೆಯೇ ಬರೆದೆ. ಮುನ್ನೂರ ಹನ್ನೆರಡು ಕಂಬ, ನಲವತ್ತೊಂದು ಮನೆ. ತಕರಾರು ಬಂದದ್ದು ಒಂದೇ ಕಂಬಕ್ಕೆ, ಅಕ್ಕತಂಗಿಯರ ನಡುವೆ. ಅದೂ ಕಚ್ಚು ನೋಡಿದ ಮೇಲೆ ಬಗೆಹರಿಯಿತು. ಮಂಡ್ಯದಲ್ಲಿ ಒಂದು ಹಳ್ಳಿ ಅಳೆದು ಒಂದೇ ತಕರಾರಿನಲ್ಲಿ ಹೊರಬಂದ ನೆನಪು ನನಗಿಲ್ಲ.

ಹೊರಡುವ ದಿನ ಇಬು ಹಲೀಮಾ ಬಂದು, “ನನ್ನ ಹೆಸರು ಬರೆದಿದ್ದೀರಲ್ಲ, ಓದಿ” ಎಂದರು. ಓದಿದೆ. ಪಾಕ್ ರುಸ್ಲಿ ಅವರ ಭಾಷೆಯಲ್ಲಿ ಹೇಳಿದರು: ಎಂಟು ಕಂಬ, ಉತ್ತರಕ್ಕೆ ತಮ್ಮನವು, ದಕ್ಷಿಣಕ್ಕೆ ಮಗಳವು. ಆಕೆ ಒಂದೊಂದಕ್ಕೂ ತಲೆದೂಗಿದರು.

“ಇದನ್ನು ದೊಡ್ಡ ಊರಿನವರು ನಂಬುತ್ತಾರಾ?”

“ನಂಬುತ್ತಾರೆ. ಅದಕ್ಕೇ ನನ್ನನ್ನು ಕಳಿಸಿದ್ದು,” ಎಂದೆ.

ಆ ಮಾತನ್ನು ನಾನು ಆಡಿದೆ. ನೆನಪಿಟ್ಟುಕೊಂಡಿದ್ದೇನೆ.

ಸ್ಟರ್ಲಿಂಗಿಗೆ ಬಂದು ಹಾರ್ಲನ್ ಅವರಿಗೆ ವಿವರಿಸಿದಾಗ ಅವರು ನನ್ನ ಟಿಪ್ಪಣಿ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, “ಒಳ್ಳೆಯ ಡೈರಿ, ಟಿಮ್” ಎಂದರು. ಸುಧೀಂದ್ರ ಮಾತ್ರ ಎರಡು ವಾರ ಕುಳಿತು ಮುನ್ನೂರ ಹನ್ನೆರಡು ಕಂಬಗಳನ್ನೂ ಒಂದು ಪದರವಾಗಿ ನಕ್ಷೆಗೆ ಏರಿಸಿದ. “ಸರ್, ಇಷ್ಟು ಕ್ಲೀನ್ ಡೇಟಾ ನಾನು ನೋಡೇ ಇಲ್ಲ” ಎಂದ.

ಫೆಬ್ರವರಿಯಲ್ಲಿ ವಿಭಾಗದವರನ್ನೆಲ್ಲ ಹಾರ್ಲನ್ ಅವರು ನಾರ್ತ್ ಕ್ಯಾರೊಲಿನಾದ ಸಮುದ್ರತೀರದಲ್ಲಿರುವ ತಮ್ಮ ಮನೆಗೆ ಕರೆದೊಯ್ದರು, ವರ್ಷದ ಯೋಜನೆ ಚರ್ಚಿಸಲು. ಆ ದಡದ ಮನೆಗಳೆಲ್ಲ ಮರಳಿನಲ್ಲಿ ನೆಟ್ಟ ಎತ್ತರದ ಕಂಬಗಳ ಮೇಲಿವೆ. ಬಿರುಗಾಳಿಯ ನೀರು ಕೆಳಗೆ ಹರಿದುಹೋಗಲೆಂದು. ಚಳಿಗಾಲವಾದ್ದರಿಂದ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಕಿಟಕಿಗಳಿಗೆಲ್ಲ ಹಲಗೆ ಬಡಿದಿತ್ತು. ನಾನು ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟೆ.

“ಏನಾಯ್ತು ಟಿಮ್? ಚಳಿಯಾ?”

“ಇಲ್ಲಿ ನೀವು ವರ್ಷಕ್ಕೆ ಎಷ್ಟು ದಿನ ಇರ್ತೀರಿ?”

“ಅದೃಷ್ಟವಿದ್ದರೆ ಆರು ವಾರ.”

“ಉಳಿದ ದಿನ ಈ ಮನೆ ಯಾರದು?”

ಸುಧೀಂದ್ರ ಹಿಂದಿನಿಂದ ನನ್ನ ಕೋಟು ಎಳೆದು, “ಸರ್, ಸಾಕು ಬಿಡಿ” ಎಂದು ಪಿಸುಗುಟ್ಟಿದ. ಹಾರ್ಲನ್ ಅವರು ಜೋರಾಗಿ ನಕ್ಕರು. “ಸಿಕ್ಕಿಹಾಕಿಸಿದಿರಿ! ಸರಿ, ನಿಮ್ಮ ಕಂಬಗಳನ್ನೆಲ್ಲ ಅನುಬಂಧದಲ್ಲಿ ಹಾಕಿ. ಪೂರ್ತಿ ಹಾಕಿ.” ಎಲ್ಲರೆದುರು ಹೇಳಿದರು. ನಾನು ಗೆದ್ದೆನೆಂದುಕೊಂಡೆ. ಹಿಂದಿರುಗುವಾಗ ಕಾರಿನಲ್ಲಿ ಹಾಡು ಗುನುಗಿದೆನೆಂದು ಸುಧೀಂದ್ರ ಬಹಳ ದಿನ ನನ್ನನ್ನು ಆಡಿಕೊಳ್ಳುತ್ತಿದ್ದ.

ಹದಿನೇಳು ಪುಟಗಳ ಅನುಬಂಧ ಬರೆದೆ. ಮಾರ್ಚಿನಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಬೇಕಾಯಿತು. ಹಿಂದಿನ ದಿನ, ಗುರುವಾರ, ಹಾರ್ಲನ್ ಅವರ ಕಾರ್ಯದರ್ಶಿ ಒಂದು ಹಾಳೆ ತಂದಳು. ವರದಿಯ ಸಹಿ ಪುಟ. ‘ಸ್ಥಳಪರಿಶೀಲನೆ ನಡೆಸಿ ದೃಢೀಕರಿಸಿದವರು’ ಎಂಬ ಸಾಲಿನ ಕೆಳಗೆ ನನ್ನ ಹೆಸರು.

ಇಲ್ಲಿ ನನ್ನ ತಪ್ಪು. ವರದಿ ಇನ್ನೂ ಮುಗಿದಿರಲಿಲ್ಲ. ಆ ಕಚೇರಿಯಲ್ಲಿ ಸಹಿ ಪುಟಗಳನ್ನು ಮೊದಲೇ ಸಂಗ್ರಹಿಸಿಟ್ಟುಕೊಳ್ಳುವ ರೂಢಿ ಇತ್ತು. ಯಾರಾದರೂ ವಿದೇಶದಲ್ಲಿದ್ದರೆ ಸಲ್ಲಿಕೆ ತಡವಾಗಬಾರದೆಂದು. ಎಲ್ಲರೂ ಹಾಕುತ್ತಿದ್ದರು. ಹದಿನಾರು ವರ್ಷ ಪ್ರತಿ ಪುಟಕ್ಕೂ ಸಹಿ ಹಾಕಿದ ನಾನು, ಪುಟಗಳೇ ಇಲ್ಲದ ವರದಿಗೆ ಸಹಿ ಹಾಕಿದೆ. ಒಂದು ವಿಷಯ ಗಮನಿಸಿದ್ದೆ: ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಹೆಸರನ್ನು ಒಂದಕ್ಷರವೂ ತಪ್ಪದಂತೆ ಪೂರ್ತಿಯಾಗಿ ಅಚ್ಚು ಮಾಡಿದ್ದರು. ಅದನ್ನು ನೋಡಿ ಸಂತೋಷಪಟ್ಟೆ ಎಂದು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ.

ಏಪ್ರಿಲಿನಲ್ಲಿ ಕೆಲಸಕ್ಕೆ ಮರಳಿದಾಗ ಮೇಜಿನ ಮೇಲೆ ಬೈಂಡ್ ಆದ ವರದಿ ಇತ್ತು. ಅನುಬಂಧ ಹುಡುಕಿದೆ. ಇರಲಿಲ್ಲ. ನಕ್ಷೆ ಬಿಚ್ಚಿದೆ. ಪೂರ್ವ ದಡ ಬೆಳ್ಳಗಿತ್ತು. ಒಂದು ಕಂಬವೂ ಇಲ್ಲ. ಪಟ್ಟಿಯಲ್ಲಿ ಅದರ ಎದುರು ‘ಖಾಲಿ ಕರಾವಳಿ, ಹಕ್ಕುದಾರರಿಲ್ಲ’. ವರದಿಯನ್ನು ಎತ್ತಿಕೊಂಡು ಹಾರ್ಲನ್ ಅವರ ಕೋಣೆಗೆ ಹೋದೆ.

“ಕೂತ್ಕೊಳ್ಳಿ ಟಿಮ್. ಹೊಟ್ಟೆ ಹೇಗಿದೆ?”

“ನನ್ನ ಹದಿನೇಳು ಪುಟ ಎಲ್ಲಿ?”

“ಓದುವವರಿಗೆ ಗೊಂದಲವಾಗುತ್ತಿತ್ತು. ಅವರು ಕೇಳಿದ್ದು ಭೂಮಿಯ ಪಟ್ಟಿ. ನೀವು ಕೊಟ್ಟಿದ್ದು ಕಂಬದ ಪಟ್ಟಿ. ಅವರ ನಮೂನೆಯಲ್ಲಿ ಕಂಬಕ್ಕೆ ಕಾಲಂ ಇಲ್ಲ.”

“ಕಾಲಂ ಇಲ್ಲದಿದ್ದರೆ ಮನುಷ್ಯರೂ ಇಲ್ಲವಾ?”

“ಭಾವಾವೇಶ ಬೇಡ.”

“ಪುಟ ತೆಗೆದಿರಿ. ನನ್ನ ಸಹಿ ಯಾಕೆ ತೆಗೆಯಲಿಲ್ಲ?”

ಅದಕ್ಕೆ ಅವರು ಗೋಡೆಯ ಗಡಿಯಾರ ನೋಡಿದರು. ಇನ್ನೊಂದು ಸಭೆಯಿದೆ ಎಂದರು.

ಸಂಜೆ ಸುಧೀಂದ್ರ ಎಂದಿನಂತೆ ನನ್ನ ಕಾರು ಹತ್ತಿದ. ಕಾರನ್ನು ರೂಟ್ ಇಪ್ಪತ್ತೆಂಟರ ಹೆದ್ದಾರಿಗೆ ತಿರುಗಿಸಿದೆ. ಅವನೇ ಮಾತು ಶುರುಮಾಡಿದ.

“ಅಂಕಲ್, ನನ್ ಮೇಲೆ ಕೋಪ ಮಾಡ್ಕೋಬೇಡಿ, ಪ್ಲೀಸ್.”

“ಆ ಕಂಬಗಳ ಲೇಯರ್ ಯಾರು ತೆಗೆದದ್ದು?”

“ಹಾರ್ಲನ್ ಬಂದು ನನ್ ಚೇರ್ ಪಕ್ಕಾನೇ ನಿಂತ್ಕೊಂಡ್ರು. ಇದನ್ನ ಆಫ್ ಮಾಡಿ ಪ್ರಿಂಟ್ ಕೊಡು ಅಂದ್ರು. ಡಿಲೀಟ್ ಮಾಡ್ಲಿಲ್ಲ ಅಂಕಲ್, ಆಫ್ ಮಾಡ್ದೆ ಅಷ್ಟೆ.”

“ಪ್ರಿಂಟಿನಲ್ಲಿ ಅದಕ್ಕೂ ಇದಕ್ಕೂ ಏನಪ್ಪಾ ವ್ಯತ್ಯಾಸ?”

“ನನ್ ಗ್ರೀನ್ ಕಾರ್ಡ್ ಪೇಪರ್ಸ್ ಅವ್ರ ಟೇಬಲ್ ಮೇಲಿದೆ. ಇನ್ನೂ ಫೈಲೇ ಮಾಡಿಲ್ಲ. ಆಗಲ್ಲ ಅಂತ ಹೇಗ್ ಹೇಳ್ಲಿ?”

“ನನಗೆ ಹೇಳಬಹುದಿತ್ತು.”

“ಆಪರೇಷನ್ ಆದ್ ದಿನ ಹಾಸ್ಪಿಟಲ್‌ಗೆ ಕಾಲ್ ಮಾಡ್ಬೇಕಿತ್ತಾ?”

“ಮಾಡಬೇಕಿತ್ತು. ನಾನು ಬದುಕಿದ್ದೆ.”

ಅವನು ಅತ್ತ. ನಾನು ಸಮಾಧಾನ ಮಾಡಲಿಲ್ಲ. ನಾಲ್ಕು ದಿನ ಬಿಟ್ಟು ಸುಧೀಂದ್ರ ಒಂದು ಉದ್ದನೆಯ ಕೊಳವೆಯನ್ನು ನನ್ನ ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟು ಹೋದ. ಒಳಗೆ ಪೂರ್ತಿ ನಕ್ಷೆ, ಮುನ್ನೂರ ಹನ್ನೆರಡು ಕಂಬಗಳೊಂದಿಗೆ. ಅದಕ್ಕೆ ಎಷ್ಟು ಧೈರ್ಯ ಬೇಕಿತ್ತೆಂದು ವೀಸಾದಲ್ಲಿದ್ದವರಿಗೆ ಗೊತ್ತು. ನಾನು ಅದರ ಮೇಲೆ ಸಹಿ ಹಾಕಿ, ಹದಿನೇಳು ಪುಟಗಳ ಪ್ರತಿಯನ್ನೂ ಸೇರಿಸಿ ಪಾಕ್ ರುಸ್ಲಿಗೆ ಅಂಚೆಯಲ್ಲಿ ಕಳಿಸಿದೆ.

ಮೂರು ಪತ್ರ ಬರೆದೆ, ಎರಡು ಸಂಸ್ಥೆಗೆ. ಮೊದಲನೆಯದರಲ್ಲಿ, ಅನುಬಂಧವನ್ನು ಸೇರಿಸಿ ಎಂದೆ. ಎರಡನೆಯದರಲ್ಲಿ, ಸೇರಿಸುವುದಿಲ್ಲವಾದರೆ ನನ್ನ ಹೆಸರು ತೆಗೆಯಿರಿ ಎಂದೆ. ಮೂರನೆಯದನ್ನು ಹಣ ಕೊಟ್ಟ ವಾಷಿಂಗ್ಟನ್ ಕಚೇರಿಗೇ ಬರೆದು, ಪ್ರತಿಯನ್ನು ಹಾರ್ಲನ್ ಅವರಿಗೆ ಕೊಟ್ಟೆ. ಮೊದಲ ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಉತ್ತರದಲ್ಲಿ ‘ನಿಮ್ಮ ಆಸಕ್ತಿಗೆ ಧನ್ಯವಾದ’ ಎಂದಿತ್ತು. ಆ ವರ್ಷದ ಕೊನೆಗೆ ವಿಭಾಗದ ಪುನರ್ರಚನೆಯಾಯಿತು. ಪುನರ್ರಚನೆಯಲ್ಲಿ ಹೋದ ಹುದ್ದೆ ಒಂದೇ. ಬೀಳ್ಕೊಡುಗೆಯ ಕೇಕಿನ ಮೇಲೆ ‘ಟಿಮ್’ ಎಂದು ಬರೆಸಿದ್ದರು. ನಾನು ತಿನ್ನಲಿಲ್ಲ.

ಎರಡು ವರ್ಷದ ಮೇಲೆ ಪಾಕ್ ರುಸ್ಲಿಯವರ ಪತ್ರ ಬಂತು. ಇಂಗ್ಲಿಷಿನಲ್ಲಿ, ಶಾಲೆಯ ಹಾಳೆಯ ಎರಡೂ ಬದಿಗೆ. ಗಾಳಿಯ ತಿಂಗಳಲ್ಲಿ ಊರಿನವರು ಪಶ್ಚಿಮಕ್ಕೆ ಹೋಗಿದ್ದಾಗ ಮುತ್ತಿನ ಕಂಪನಿಯವರು ಯಂತ್ರದ ದೋಣಿ ತಂದು ಕಂಬಗಳನ್ನು ಕಿತ್ತಿದ್ದರು. ಗಾಳಿ ನಿಂತ ಮೇಲೆ ನಲವತ್ತೊಂದು ಮನೆಯವರು ಗೋಡೆ, ಸೂರು, ಹಲಗೆಗಳನ್ನು ದೋಣಿಗಳಲ್ಲಿ ಹೇರಿಕೊಂಡು ಬಂದರೆ, ಅವುಗಳನ್ನು ನಿಲ್ಲಿಸಲು ಏನೂ ಇರಲಿಲ್ಲ. ದಡದುದ್ದಕ್ಕೂ ಕಂಪನಿಯ ತೇಲುಬುಡ್ಡೆಗಳ ಸಾಲು. ಎರಡು ದಿನ ದೋಣಿಗಳಲ್ಲೇ ಕುಳಿತಿದ್ದರಂತೆ.

ಮೂರನೆಯ ದಿನ ಇಬು ಹಲೀಮಾ, ಪಾಕ್ ರುಸ್ಲಿ ಮತ್ತು ಊರಿನ ಕೆಲವರು ಜಿಲ್ಲಾ ಕಚೇರಿಗೆ ಹೋಗಿ, ನಾನು ಕಳಿಸಿದ ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ಅಲ್ಲಿನ ಅಧಿಕಾರಿ ಅದನ್ನು ಗಮನವಿಟ್ಟೇ ನೋಡಿದನಂತೆ. ಆಮೇಲೆ ಕಪಾಟಿನಿಂದ ಬೈಂಡ್ ಆದ ವರದಿ ತೆಗೆದು, ಕೊನೆಯ ಪುಟವನ್ನು ನಕ್ಷೆಯ ಪಕ್ಕಕ್ಕಿಟ್ಟ. ಎರಡರ ಮೇಲೂ ಒಂದೇ ಹೆಸರು, ಒಂದೇ ಸಹಿ. “ಒಬ್ಬನೇ ಮನುಷ್ಯ ಎರಡು ಮಾತು ಹೇಳಿದ್ದಾನೆ. ನಾವು ಮುದ್ರೆಯಿರುವುದನ್ನು ನಂಬಬೇಕಾಗುತ್ತದೆ,” ಎಂದ.

ಪತ್ರದ ಕೊನೆಯಲ್ಲಿ ಪಾಕ್ ರುಸ್ಲಿ ಹೀಗೆ ಬರೆದಿದ್ದರು: “ಇಬು ಹಲೀಮಾ ಒಂದು ಮಾತು ಕೇಳಲು ಹೇಳಿದ್ದಾರೆ. ಅವರು ಹೇಳಿದಂತೆಯೇ ಬರೆಯುತ್ತಿದ್ದೇನೆ, ಕ್ಷಮಿಸಿ. ‘ಆ ಮನುಷ್ಯ ನನ್ನೆದುರು ಒಂದು ಓದಿದ, ಬೆನ್ನ ಹಿಂದೆ ಒಂದು ಬರೆದ. ನಮ್ಮ ಕಂಬ ಲೆಕ್ಕಕ್ಕೆ ಬೇಡವೆಂದಿದ್ದರೆ ಅವನಿಗೆ ಎಣಿಸಲು ಹೇಳಿದವರು ಯಾರು?’”

ಉತ್ತರ ಬರೆದೆ. ಬೈಂಡಿನೊಳಗಿನ ವಾಕ್ಯ ನನ್ನದಲ್ಲವೆಂದು, ಓದದೆ ಸಹಿ ಹಾಕಿದ್ದು ಮಾತ್ರ ನನ್ನದೆಂದು, ಎರಡನ್ನೂ ಬರೆದೆ. ಆಕೆಗೆ ಅದನ್ನು ಓದಿ ಹೇಳಿದರು ಎಂದಷ್ಟೇ ತಿಳಿಯಿತು. ಏನೆಂದರು ಎಂದು ಪಾಕ್ ರುಸ್ಲಿ ಬರೆಯಲಿಲ್ಲ, ನಾನು ಕೇಳಲಿಲ್ಲ. ಆ ಮನೆಗಳವರು ಈಗ ಪಶ್ಚಿಮದ ಮರೆಯಲ್ಲೇ ವರ್ಷವಿಡೀ ಇದ್ದಾರೆ. ಅಲ್ಲಿ ಕಂಬಗಳು ಮೊದಲೇ ಇದ್ದವರವು, ಇವರು ಬಾಡಿಗೆಯವರಂತೆ ಕೇಳಿಕೊಂಡು ದೋಣಿ ಕಟ್ಟುತ್ತಾರೆ.

ಈ ಕೆಲಸಕ್ಕೆ ಬರುವ ಮಕ್ಕಳಿಗೆ ನನ್ನ ಮಾತು ಇಷ್ಟೆ. ಓದದ ಪುಟಕ್ಕೆ ಸಹಿ ಹಾಕಬೇಡಿ, ಆಸ್ಪತ್ರೆಯ ಗಾಲಿ ಮಂಚದ ಮೇಲಿದ್ದರೂ ಹಾಕಬೇಡಿ. ನಿಮ್ಮ ಪಕ್ಕ ನಿಂತು ಒಂದು ಪದರವನ್ನು ಮರೆಮಾಡು ಎಂದವರ ಹೆಸರನ್ನು ಅಂದೇ ಬರೆದಿಡಿ. ವಿಮಾನದ ಚಿತ್ರ ಬಂದರೆ ಮೊದಲು ತಿಂಗಳು ಯಾವುದೆಂದು ಕೇಳಿ.

ಉಳಿದದ್ದು ಹಾರ್ಲನ್ ಅವರಿಗೆ, ನಮ್ಮ ಸಂಸ್ಥೆಯ ಆಗಿನ ನಿರ್ದೇಶಕರಿಗೆ, ಮತ್ತು ನನ್ನ ಆಸಕ್ತಿಗೆ ಧನ್ಯವಾದ ಹೇಳಿದ ವಾಷಿಂಗ್ಟನ್ ಕಚೇರಿಗೆ. ನನ್ನ ಪತ್ರಗಳಲ್ಲಿ ಕೇಳಿದ್ದಕ್ಕೆ ನೀವು ಯಾರೂ ಉತ್ತರಿಸಲಿಲ್ಲ. ಹೆಸರು ತೆಗೆಯುವ ಮಾತನ್ನು ಈಗ ಕೈಬಿಟ್ಟಿದ್ದೇನೆ. ಅದು ಅಲ್ಲೇ ಇರಲಿ, ನಾನು ‘ಆ ವಾಕ್ಯ ನನ್ನದಲ್ಲ’ ಎಂದು ಸಾಯುವವರೆಗೂ ಹೇಳುತ್ತಿರುತ್ತೇನೆ. ಒಂದು ಸಂಖ್ಯೆ ಮಾತ್ರ ನಿಮ್ಮಿಂದ ಬೇಕು, ಏಕೆಂದರೆ ನಿಮ್ಮ ಬಳಿ ಆ ನಿಯಮವಿರಲೇಬೇಕು, ಇಲ್ಲದಿದ್ದರೆ ನೀವು ಆ ವಾಕ್ಯ ಬರೆಯುತ್ತಿರಲಿಲ್ಲ: ಒಬ್ಬ ಮನುಷ್ಯ ತನ್ನ ಮನೆಯಿಂದ ಎಷ್ಟು ದಿನ ದೂರವಿದ್ದರೆ ಅದು ಅವನದಲ್ಲವಾಗುತ್ತದೆ?